ಮಕ್ಕಳ ಮನೋವಿಜ್ಞಾನದ ಪಾಠಕ್ಕೆ ಯಾರನ್ನು ಆರಿಸಬೇಕು?

ಪ್ರಶ್ನೆ: ನಮ್ಮ ಸ್ನಾತಕೋತ್ತರ ವಿಭಾಗದಲ್ಲಿ ಮಕ್ಕಳ ಮನೋವಿಜ್ಞಾನದ ಪತ್ರಿಕೆಗೆ ವಾರಕ್ಕೆ ನಾಲ್ಕು ಗಂಟೆ ಪಾಠ ಮಾಡಲು ಅರೆಕಾಲಿಕ ಬೋಧಕರೊಬ್ಬರು ಬೇಕಾಗಿದ್ದಾರೆ. ಅರ್ಜಿ ಹಾಕಿದವರಲ್ಲಿ ಒಬ್ಬರು ಈಚೆಗೆ ನೆಟ್ (ಕಾಲೇಜು ಬೋಧಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಾಸಾದ ಮೈಸೂರಿನ ಯುವಕ. ಇನ್ನೊಬ್ಬರು ಹದಿನೇಳು ವರ್ಷ ಮಕ್ಕಳ ಆಪ್ತ ಸಮಾಲೋಚಕಿಯಾಗಿ ದುಡಿದ, ಆದರೆ ನೆಟ್ ಆಗಲಿ ಪಿಎಚ್.ಡಿ. ಆಗಲಿ ಇಲ್ಲದ ಇಲ್ಲಿಯವರೇ. ಯಾರನ್ನು ತೆಗೆದುಕೊಳ್ಳಬೇಕು?
— ವಿಭಾಗ ಸಂಯೋಜಕಿ, ಮಡಿಕೇರಿ

ಉತ್ತರ: ಅತಿಥಿ ಉಪನ್ಯಾಸಕರಿಗೂ ಸಹಾಯಕ ಪ್ರಾಧ್ಯಾಪಕರ ಅರ್ಹತೆಯೇ ಇರಬೇಕೆಂಬುದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ನಿಲುವು. ಅಂದರೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್, ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆಸೆಟ್ ಅಥವಾ ನಿಯಮಾನುಸಾರ ಪಡೆದ ಪಿಎಚ್.ಡಿ. ಆದ್ದರಿಂದ ಪತ್ರಿಕೆಯ ಪೂರ್ಣ ಹೊಣೆಯನ್ನು ಅತಿಥಿ ಉಪನ್ಯಾಸಕಿ ಎಂಬ ಹೆಸರಿನಲ್ಲಿ ಆ ಸಮಾಲೋಚಕಿಗೆ ವಹಿಸಿದರೆ ನಾಳೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುವುದು ಖಚಿತ. ಹಾಗೆಂದು ಅವರಿಗೆ ಬಾಗಿಲು ಮುಚ್ಚಿಲ್ಲ. ಯುಜಿಸಿ 2022ರಲ್ಲಿ ತಂದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿಯಲ್ಲಿ, ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ಅನುಭವವಿದ್ದು ಗಮನಾರ್ಹ ಕೆಲಸ ಮಾಡಿದವರಿಗೆ ಪದವಿಯ ಅರ್ಹತೆ ಕಡ್ಡಾಯವಲ್ಲ. ಬೋಧನಾ ವೃತ್ತಿಯಲ್ಲಿರುವವರಿಗೆ ಮತ್ತು ಅದರಿಂದ ನಿವೃತ್ತರಾದವರಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ನಿಮ್ಮ ಆಡಳಿತ ಮಂಡಳಿ ಒಪ್ಪುವುದೇ ಎಂದು ಮೊದಲು ಕೇಳಿ ನೋಡಿ.

ನಿಯಮ ಹೇಳುವುದು ಯಾರನ್ನು ತೆಗೆದುಕೊಳ್ಳಬಹುದು ಎಂಬುದನ್ನಷ್ಟೇ. ಪಾಠ ಬರುತ್ತದೆಯೇ ಇಲ್ಲವೇ ಎಂದು ತಿಳಿಯಲು ಇಪ್ಪತ್ತು ನಿಮಿಷದ ಮಾದರಿ ತರಗತಿ ಇಡಿ. ಸಂದರ್ಶನದ ಪ್ರಶ್ನೋತ್ತರಕ್ಕಿಂತ ಅದನ್ನೇ ನಾನು ನಂಬುತ್ತೇನೆ. ಮೇಜಿನ ಮೇಲೆ ಕಾಫಿ ಹಣ್ಣುಗಳನ್ನು ಹತ್ತು ಹತ್ತರಂತೆ ಎರಡು ಸಾಲಾಗಿ ಜೋಡಿಸಿ, ಒಂದು ಸಾಲನ್ನು ಅಗಲಿಸಿ, ಐದು ವರ್ಷದ ಮಗು ಆ ಸಾಲಿನಲ್ಲೇ ಹೆಚ್ಚು ಹಣ್ಣಿದೆ ಎನ್ನುವುದೇಕೆ ಎಂದು ವಿದ್ಯಾರ್ಥಿಗಳಿಗೆ ವಿವರಿಸಲು ಹೇಳಿ. ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಹಂತಗಳಾಗಿ ವಿವರಿಸಿದ ಮನೋವಿಜ್ಞಾನಿ ಪಿಯಾಜೆಯ ಹಂತಗಳನ್ನು ಹಲಗೆಯ ಮೇಲೆ ಬರೆದು ಮುಗಿಸುವವರು ಯಾರು, ಮಗುವಿನ ಕಣ್ಣಿನಿಂದ ಆ ಸಾಲನ್ನು ನೋಡಿಸುವವರು ಯಾರು ಎಂಬುದು ಆಗಲೇ ತಿಳಿಯುತ್ತದೆ.

ಇನ್ನೊಂದು ಸಂದರ್ಭವನ್ನೂ ಕೊಡಿ. ಕೊಡಗಿನ ತಿತಿಮತಿ ಕಡೆಯ ಬುಡಕಟ್ಟು ಜನರ ಹಾಡಿಯಿಂದ ಶಾಲೆಗೆ ಬರುವ, ಮನೆಯಲ್ಲಿ ಯರವ ಭಾಷೆ ಆಡುವ ಎರಡನೇ ತರಗತಿಯ ಹುಡುಗಿ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಬುದ್ಧಿಮತ್ತೆ ಅಳೆಯುವ ಬಿನೆ–ಕಾಮತ್ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿದೆ ಎನ್ನಿ. ಕಾಮತರು ಬಿನೆಯ ಪರೀಕ್ಷೆಯನ್ನು ಅಳವಡಿಸಿದ್ದು ಕನ್ನಡ, ಮರಾಠಿ ಆಡುವ ಮಕ್ಕಳಿಗೆ. ಅದರ ಬಹುಪಾಲು ಪ್ರಶ್ನೆಗಳು ಮಾತನ್ನೇ ನೆಚ್ಚಿಕೊಂಡಿವೆ. ಹೀಗಿರುವಾಗ ಅಂಕಪಟ್ಟಿಗಿಂತ ಮೊದಲು ‘ಮನೆಯಲ್ಲಿ ಯಾವ ಭಾಷೆ?’ ಎಂದು ಕೇಳುವವರು ನಿಮಗೆ ಬೇಕಾದವರು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ, ಕುರುಬ ಭಾಷೆಗಳೆಲ್ಲ ಒಂದೇ ಶಾಲೆಯ ಅಂಗಳದಲ್ಲಿ ಕೇಳಿಸುವ ಜಿಲ್ಲೆಯಲ್ಲಿ ಇದು ಚಿಕ್ಕ ವಿಷಯವಲ್ಲ. ಇದರಲ್ಲಿ ಸಮಾಲೋಚಕಿಯೇ ಮುಂದಿರಬಹುದು, ಆದರೆ ಯುವಕನನ್ನು ಕೇಳದೆಯೇ ತಳ್ಳಿಹಾಕಬೇಡಿ.

ನನ್ನ ಸಲಹೆ ಇಷ್ಟು: ಮಾದರಿ ತರಗತಿ ತೃಪ್ತಿಕರವಾದರೆ ಪತ್ರಿಕೆ ಯುವಕನದಾಗಲಿ, ಕಲಿಕಾ ತೊಂದರೆ, ಪೋಷಕರೊಡನೆ ಮಾತುಕತೆ ಮುಂತಾದ ಪ್ರಾಯೋಗಿಕ ತರಗತಿಗಳಿಗೆ ಸಮಾಲೋಚಕಿಯನ್ನು ಗೌರವಧನ ಕೊಟ್ಟು ಕರೆಯಿರಿ, ಪುಕ್ಕಟೆಯಾಗಿ ಅಲ್ಲ.

ಹಣದ ಮಾತು ಬಂದಾಗ, 2019ರ ಯುಜಿಸಿ ಮಾರ್ಗಸೂಚಿಯಲ್ಲಿ ಅತಿಥಿ ಉಪನ್ಯಾಸಕರಿಗೆ ಹೇಳಿದ್ದು ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ರೂಪಾಯಿ. ಅಷ್ಟೂ ಎಲ್ಲ ಕಡೆ ಕೈಗೆ ಬರುವುದಿಲ್ಲವೆಂಬುದು ನಿಮಗೂ ಗೊತ್ತು. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್ ಬಂದು ಹೋಗುವವರಿಗೆ ನಾಲ್ಕು ಗಂಟೆಯನ್ನು ನಾಲ್ಕು ದಿನಕ್ಕೆ ಹಂಚಿದರೆ ಗೌರವಧನ ಬಸ್ಸಿಗೇ ಹೋಗುತ್ತದೆ; ಎರಡು ದಿನಕ್ಕೆ ಜೋಡಿಸಿ. ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆಯಲ್ಲಿ ರಜೆ ಘೋಷಣೆಯಾದ ದಿನದ ತರಗತಿಯನ್ನು ಎಂದು ತೆಗೆದುಕೊಳ್ಳಬೇಕು, ಆ ದಿನದ ಗೌರವಧನ ಏನಾಗುತ್ತದೆ ಎಂಬುದನ್ನೂ ನೇಮಕಾತಿ ಪತ್ರದಲ್ಲಿ ಬರೆದುಬಿಡಿ.