ಉಪಗ್ರಹ ಚಿತ್ರದಲ್ಲಿ ನ್ಯೂಜೆರ್ಸಿ ಮೇಲೆ ಕೆನಡಾದ ಹೊಗೆ ಕಾಣುತ್ತಿದೆ, ಹೊರಗೆ ವಾಸನೆಯೇ ಇಲ್ಲ. ಯಾವುದನ್ನು ನಂಬಲಿ?

ಎರಡನ್ನೂ ನಂಬಿ. ಉಪಗ್ರಹ ಮೇಲಿನಿಂದ ನೋಡುತ್ತದೆ, ಅಲ್ವಾ? ಹೊಗೆ ನೆಲದ ಹತ್ತಿರ ಇದ್ದರೂ ನಾಲ್ಕೈದು ಕಿಲೋಮೀಟರ್ ಎತ್ತರದಲ್ಲಿದ್ದರೂ ಚಿತ್ರದಲ್ಲಿ ಹೆಚ್ಚುಕಮ್ಮಿ ಒಂದೇ ತರಹ ಕಾಣುತ್ತದೆ.

2020ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ, ಒರೆಗಾನ್‌ ಕಾಳ್ಗಿಚ್ಚಿನ ಹೊಗೆ ಇಡೀ ಖಂಡ ದಾಟಿ ನ್ಯೂಯಾರ್ಕ್‌ವರೆಗೆ ಬಂತು. ಸೂರ್ಯ ಮಂಕಾದ. ಆದರೆ ಹೊಗೆ ಮೇಲೆಯೇ ಇತ್ತು, ಕೆಳಗಿನ ಗಾಳಿಗೆ ಅಷ್ಟಾಗಿ ತೊಂದರೆಯಾಗಲಿಲ್ಲ. 2023ರ ಜೂನ್‌ನಲ್ಲಿ ಆದದ್ದೇ ಬೇರೆ. ಬೆಂಕಿ ಹತ್ತಿರದಲ್ಲೇ, ಕೆನಡಾದ ಕ್ವಿಬೆಕ್‌ ಪ್ರಾಂತ್ಯದಲ್ಲಿತ್ತು. ಅಟ್ಲಾಂಟಿಕ್ ಕರಾವಳಿಯ ಬಳಿ ನಿಂತಿದ್ದ ಕಡಿಮೆ ಒತ್ತಡದ ಸುಳಿ ಹೊಗೆಯನ್ನು ನೇರವಾಗಿ ದಕ್ಷಿಣಕ್ಕೆ ತಳ್ಳಿತು, ಅದೂ ನೆಲಮಟ್ಟದಲ್ಲಿ. ಜೂನ್ 7ರಂದು ನ್ಯೂಯಾರ್ಕ್‌ನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು, ಗಾಳಿಯ ಗುಣಮಟ್ಟದ ಸೂಚ್ಯಂಕ 400 ದಾಟಿತು. ನನ್ನ ಮಗಳಿಗೆ ಅಸ್ತಮಾ ಇದೆ. ಆಗಿನಿಂದ ಬೇಸಿಗೆ ಬಂತೆಂದರೆ ನಾನು ಈ ಚಿತ್ರಗಳನ್ನು ನೋಡದೆ ಇರುವುದಿಲ್ಲ.

ಹೊಗೆ ಎಲ್ಲಿಂದ ಬಂತು ಎಂದು ಹುಡುಕಲು ನಾಸಾದ ವರ್ಲ್ಡ್‌ವ್ಯೂ ಎಂಬ ಜಾಲತಾಣ ಸಾಕು, ದುಡ್ಡು ಕೊಡಬೇಕಿಲ್ಲ. ಇವತ್ತಿನ ಚಿತ್ರದಿಂದ ಶುರುಮಾಡಿ ಒಂದೊಂದೇ ದಿನ ಹಿಂದಕ್ಕೆ ಹೋಗಿ. ಜೊತೆಗೆ ಬೆಂಕಿಯ ಕೆಂಪು ಚುಕ್ಕೆಗಳನ್ನೂ ಹಾಕಿಕೊಳ್ಳಿ. ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಎಂಬ ಉಪಕರಣ 375 ಮೀಟರ್‌ ಅಳತೆಯ ಚೌಕಗಳಲ್ಲಿ ಬಿಸಿಯನ್ನು ಗುರುತಿಸುತ್ತದೆ. ಬಿಳಿಯಾಗಿ, ಅಂಚು ಸ್ಪಷ್ಟವಾಗಿದ್ದರೆ ಸಾಮಾನ್ಯವಾಗಿ ಮೋಡ. ಕಂದು-ಬೂದು ಬಣ್ಣದಲ್ಲಿ ಅಂಚು ಕರಗಿದಂತಿದ್ದರೆ ಹೊಗೆ ಇರಬಹುದು. ದಾರಿಯಲ್ಲಿ ಮೋಡ ಅಡ್ಡ ಬಂದರೆ ಸೆಂಟಿನೆಲ್-5ಪಿ ಉಪಗ್ರಹದ ಕಾರ್ಬನ್ ಮಾನಾಕ್ಸೈಡ್ ನಕ್ಷೆ ನೋಡಿ. ಬೆಂಕಿಯಿಂದ ಹೊರಬರುವ ಆ ಅನಿಲ ವಾರಗಟ್ಟಲೆ ಗಾಳಿಯಲ್ಲಿ ಉಳಿಯುವುದರಿಂದ ದೂರದ ಜಾಡು ಹಿಡಿಯಲು ತುಂಬಾ ಒಳ್ಳೆಯದು.

ಹೊಗೆ ಚಲಿಸುವುದನ್ನೇ ನೋಡಬೇಕಾದರೆ ಅಮೆರಿಕದ ಹವಾಮಾನ ಉಪಗ್ರಹವಾದ ಗೋಸ್ ಈಸ್ಟ್‌ನ ಚಿತ್ರಗಳಿವೆ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಗೇ ಸುತ್ತುತ್ತಾ, ಅಮೆರಿಕದ ಚಿತ್ರವನ್ನು 5 ನಿಮಿಷಕ್ಕೊಮ್ಮೆ ಕಳಿಸುತ್ತದೆ. ಇದನ್ನು ಬೆಳಗ್ಗೆ ಅಥವಾ ಸಂಜೆ ನೋಡಿ. ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲಿನಲ್ಲಿ ಧೂಳು ಎದ್ದು ಕಾಣುವಂತೆ, ಸೂರ್ಯ ಕೆಳಗಿದ್ದಾಗ ತೆಳು ಹೊಗೆಯೂ ಕಾಣುತ್ತದೆ. ನಡುಮಧ್ಯಾಹ್ನ ಅದೇ ಹೊಗೆ ಮಸುಕಾಗಿಬಿಡುತ್ತದೆ, ಹೊಗೆ ಹೋಯಿತು ಎಂದುಕೊಳ್ಳಬೇಡಿ.

ಇನ್ನು ನೀವು ಉಸಿರಾಡುವ ಗಾಳಿಯ ವಿಷಯ. ಅದಕ್ಕೆ ನೆಲದ ಮೇಲಿನ ಸೆನ್ಸರ್‌ಗಳೇ ಬೇಕು. ಗಾಳಿಯ ಗುಣಮಟ್ಟ ತಿಳಿಸುವ ಅಮೆರಿಕ ಸರ್ಕಾರದ ಏರ್‌ನೌ ಸೈಟಿನ ಬೆಂಕಿ-ಹೊಗೆ ನಕ್ಷೆಯಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಬೂದು ಪಟ್ಟೆಗಳು ಉಪಗ್ರಹದಲ್ಲಿ ಕಂಡ ಹೊಗೆ, ಬಣ್ಣದ ಚುಕ್ಕೆಗಳು ಸೆನ್ಸರ್‌ಗಳು. ಪಟ್ಟೆ ನಿಮ್ಮೂರ ಮೇಲಿದ್ದೂ ಚುಕ್ಕೆ ಹಸಿರಾಗಿದ್ದರೆ ಹೊಗೆ ಮೇಲಿದೆ ಎಂದರ್ಥ, ಕಿಟಕಿ ತೆರೆಯಬಹುದು. ಆದರೆ ಬಿಸಿಲೇರಿ ನೆಲ ಕಾದಾಗ ಗಾಳಿ ಮೇಲೆ ಕೆಳಗೆ ಕಲಸುತ್ತದೆ, ಆಗ ಮೇಲಿನ ಹೊಗೆ ಇಳಿದು ಬರಬಹುದು. ಬೆಳಗ್ಗೆ ಹಸಿರಿತ್ತು ಎಂದು ಸುಮ್ಮನಾಗಬೇಡಿ. ಸಂಜೆ ಮಕ್ಕಳನ್ನು ಆಟಕ್ಕೆ ಕಳಿಸುವ ಮುಂಚೆ ಇನ್ನೊಮ್ಮೆ ನೋಡಿ.