ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗೆ, ಕರ್ನಲ್ (ಅದರ ತಿರುಳಾದ ಪ್ರೋಗ್ರಾಂ) ಬಿಲ್ಡ್ ಮಾಡುವ ಗೈಡನ್ನು ಪ್ಯಾಕೇಜ್ ಮಾಡುತ್ತಿದ್ದೇನೆ. ಒಳಗೆ ಎಚ್‌ಟಿಎಂಎಲ್ ಹಾಕಲಾ, ಪಿಡಿಎಫ್ ಹಾಕಲಾ?

ಎಂಟು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕೂತಿದ್ದೆ. ನನ್ನ ಗೈಡ್ ಡಾಕ್‌ಬುಕ್ ಎಕ್ಸ್‌ಎಂಎಲ್‌ನಲ್ಲಿತ್ತು, ಅಂದರೆ ಬೇರೆ ರೂಪಗಳಿಗೆ ಬದಲಿಸಬಹುದಾದ ಮೂಲ ಬರಹದ ರೂಪದಲ್ಲಿ. ಅದರಿಂದ ಒಮ್ಮೆ ಎಚ್‌ಟಿಎಂಎಲ್ ತೆಗೆದೆ, ಚೆನ್ನಾಗಿ ಬಂತು. ಆ ಫೈಲುಗಳನ್ನೇ ಪ್ಯಾಕೇಜಿನೊಳಗೆ ತುಂಬಿದೆ.

ಆಮೇಲೆ ಒಬ್ಬರು ತಪ್ಪು ತೋರಿಸಿದರು. ಕರ್ನಲ್ ಪ್ಯಾಕೇಜ್ ಮಾಡಲು ಹಳೆಯ ಮೇಕ್-ಕೆಪಿಕೆಜಿ ಕಮಾಂಡ್ ಬಳಸಿ ಎಂದು ಬರೆದಿದ್ದೆ. ಅದರ ಜಾಗದಲ್ಲಿ ಕರ್ನಲ್ ಸೋರ್ಸ್‌ನಲ್ಲೇ ಇರುವ 'ಮೇಕ್ ಬಿನ್‌ಡೆಬ್-ಪಿಕೆಜಿ' ಬರಬೇಕಿತ್ತು. ಒಂದೇ ಸಾಲು ಅಲ್ವಾ ಎಂದು ನೇರ ಎಚ್‌ಟಿಎಂಎಲ್‌ನಲ್ಲೇ ತಿದ್ದಿಬಿಟ್ಟೆ. ನಾನು ಕೆಟ್ಟಿದ್ದು ಅಲ್ಲೇ.

ಅದೇ ಅಭ್ಯಾಸವಾಯಿತು. /ಬೂಟ್‌ನಲ್ಲಿರುವ ಡೆಬಿಯನ್‌ನ ಕಾನ್ಫಿಗ್ (ಕರ್ನಲ್ ಆಯ್ಕೆಗಳ ಫೈಲ್) ತಂದು ಮೂಲ ಕರ್ನಲ್ ಬಿಲ್ಡ್ ಮಾಡಿದರೆ ಸರ್ಟಿಫಿಕೇಟ್ ಫೈಲ್ ಇಲ್ಲ ಎಂದು ನಿಂತುಬಿಡುತ್ತದೆ. ಸಿಸ್ಟಮ್ ಟ್ರಸ್ಟೆಡ್ ಕೀಸ್ ಆಯ್ಕೆಯನ್ನು ಖಾಲಿ ಮಾಡಬೇಕು. ಇದನ್ನು ಕಂಡುಹಿಡಿಯಲು ನನಗೆ ಒಂದು ರಾತ್ರಿ ಹಿಡಿಯಿತು. ತಪ್ಪು ಹುಡುಕಲು ಸೇರಿಸುವ ಡಿಬಗ್ ಇನ್ಫೋ ಆಫ್ ಮಾಡದಿದ್ದರೆ ಡಿಸ್ಕ್‌ನಲ್ಲಿ ಎಷ್ಟೋ ಜಿಬಿ ಹೋಗುತ್ತದೆ. ಇಂಥವೆಲ್ಲ ಎಚ್‌ಟಿಎಂಎಲ್‌ಗೆ ಸೇರಿದವು. ಎಕ್ಸ್‌ಎಂಎಲ್ ಹಾಗೇ ಉಳಿಯಿತು.

ಪ್ಯಾಕೇಜ್ ನೋಡಲು ಒಪ್ಪಿದ್ದ ಹಿರಿಯರೊಬ್ಬರು ಕೇಳಿದರು: "ಒಂದು ಅಕ್ಷರ ತಪ್ಪಿದ್ದರೆ ನಾನು ಯಾವ ಫೈಲ್ ತಿದ್ದಲಿ?" ಡೆಬಿಯನ್‌ನಲ್ಲಿ ಸೋರ್ಸ್ ಎಂದರೆ ಬರೆದವನು ತಿದ್ದುವ ಫೈಲ್. ಪ್ಯಾಕೇಜಿನೊಳಗೆ ಹೋಗುವುದೆಲ್ಲ ಅದರಿಂದಲೇ ಬಿಲ್ಡ್ ಆಗಬೇಕು. ಸರಿ, ಎಕ್ಸ್‌ಎಂಎಲ್ ಸೇರಿಸಿದೆ, ಪ್ಯಾಕೇಜ್ ಹೇಗೆ ಬಿಲ್ಡ್ ಆಗಬೇಕೆಂದು ಹೇಳುವ ಡೆಬಿಯನ್/ರೂಲ್ಸ್ ಫೈಲಿನಲ್ಲಿ ಬಿಲ್ಡ್ ಬರೆದೆ. ಪ್ಯಾಕೇಜ್ ಪರೀಕ್ಷಿಸುವ ಲಿಂಟಿಯನ್ ಒಂದು ಮಾತೂ ಆಡಲಿಲ್ಲ. ಪ್ಯಾಕೇಜಿನ ಕಟ್ಟಡ ಸರಿಯಿದೆಯಾ ಎಂದಷ್ಟೇ ಅದು ನೋಡುತ್ತದೆ. ಒಳಗಿನ ಕಮಾಂಡ್ ಹಳತೋ ಹೊಸತೋ ಅದಕ್ಕೆ ಗೊತ್ತಾಗುವುದಿಲ್ಲ.

ಬಿಲ್ಡ್ ಅದೇ ಫೋಲ್ಡರಿಗೆ ಬರೆಯುತ್ತಿತ್ತು. ಕೈಯಲ್ಲಿ ತಿದ್ದಿದ್ದ ಎಚ್‌ಟಿಎಂಎಲ್ ಮೇಲೆ ಹಳೆಯ ಎಕ್ಸ್‌ಎಂಎಲ್‌ನಿಂದ ಬಂದಿದ್ದು ಕೂತಿತು. ಆ ಫೋಲ್ಡರನ್ನು ಹಳೆಯ ಆವೃತ್ತಿಗಳನ್ನು ಉಳಿಸುವ ಗಿಟ್‌ಗೂ ಹಾಕಿರಲಿಲ್ಲ. ಏಳು ತಿಂಗಳ ತಿದ್ದುಪಡಿ ಹೋಯಿತು. ನನಗೆ ಗೊತ್ತಾಗಿದ್ದು ಒಬ್ಬ ವಿದ್ಯಾರ್ಥಿ ಬರೆದಾಗ. ಗೈಡ್ ನೋಡಿಕೊಂಡು ಒಂದು ಇಡೀ ಭಾನುವಾರ ಮೇಕ್-ಕೆಪಿಕೆಜಿ ಹುಡುಕಿದ್ದನಂತೆ. ಅವನಿಗೆ ಕ್ಷಮೆ ಕೇಳಿದೆ. ಆ ಬೇಸರ ಈಗಲೂ ಇದೆ.

ಅದಕ್ಕೇ ಹೇಳುತ್ತೇನೆ, ಎಚ್‌ಟಿಎಂಎಲ್ಲೋ ಪಿಡಿಎಫ್ಫೋ ಅನ್ನುವುದು ಆಮೇಲಿನ ಮಾತು. ಬಿಲ್ಡ್ ಆಗಿ ಬಂದ ಫೈಲನ್ನು ಕೈಯಲ್ಲಿ ಮುಟ್ಟಲೇಬೇಡಿ. ಪ್ರತಿ ಸಲ ಅದನ್ನು ಅಳಿಸಿ, ಎಸ್‌ಬಿಲ್ಡ್ ಎಂಬ ಟೂಲ್‌ನಲ್ಲಿ ಖಾಲಿ ಜಾಗದಿಂದ ಬಿಲ್ಡ್ ಮಾಡಿ. ಬಂದ .ಡೆಬ್ ಪ್ಯಾಕೇಜ್ ಫೈಲ್ ಇನ್‌ಸ್ಟಾಲ್ ಮಾಡಿ, ಅದರಲ್ಲಿರುವ ಕಮಾಂಡುಗಳನ್ನೇ ಓದಿಕೊಂಡು ಒಂದು ಕರ್ನಲ್ ಬಿಲ್ಡ್ ಮಾಡಿ. ಆರ್ಕಿಟೆಕ್ಚರ್ 'ಆಲ್' (ಎಲ್ಲ ಬಗೆಯ ಯಂತ್ರಕ್ಕೂ), ಸೆಕ್ಷನ್ 'ಡಾಕ್', ಗೈಡನ್ನು ಸಿಸ್ಟಮ್‌ನ ದಾಖಲೆಗಳ ಪಟ್ಟಿಗೆ ಸೇರಿಸುವ ಒಂದು ಡಾಕ್-ಬೇಸ್ ಫೈಲ್, ಇವೆಲ್ಲ ಅರ್ಧ ಗಂಟೆಯ ಕೆಲಸ. ಪಿಡಿಎಫ್ ನಾನು ಹಾಕುವುದಿಲ್ಲ. ಹೊಸ ಕರ್ನಲ್‌ನಲ್ಲಿ ಗ್ರಾಫಿಕ್ಸ್ ಬರದೆ ಕಪ್ಪು ಟರ್ಮಿನಲ್ ಮುಂದೆ ಕೂತವರು ಟರ್ಮಿನಲ್‌ನಲ್ಲೇ ಓಡುವ ಡಬ್ಲ್ಯೂ3ಎಂ ಬ್ರೌಸರಿನಲ್ಲಿ ಎಚ್‌ಟಿಎಂಎಲ್ ಓದಬಹುದು.

ಇನ್ನೊಂದು ಮಾತು. ನಿಮಗೆ ಬೇರೆ ಪ್ಯಾಕೇಜೇ ಬೇಕಿಲ್ಲ ಎಂದು ನನಗೆ ಅನಿಸುತ್ತದೆ. 'ಡೆಬಿಯನ್-ಕರ್ನಲ್-ಹ್ಯಾಂಡ್‌ಬುಕ್' ಆಗಲೇ ಇದೆ, ಡೆಬಿಯನ್‌ನ ಕರ್ನಲ್ ತಂಡವೇ ಅದನ್ನು ನೋಡಿಕೊಳ್ಳುತ್ತದೆ. ಒಬ್ಬರೇ ಇಟ್ಟುಕೊಂಡ ಗೈಡ್ ಎರಡು ವರ್ಷದಲ್ಲಿ ಹಳತಾಗುತ್ತದೆ. ಆ ಹ್ಯಾಂಡ್‌ಬುಕ್ ಇನ್‌ಸ್ಟಾಲ್ ಮಾಡಿ ಓದಿ. ಅದರಲ್ಲಿಲ್ಲದ್ದು ನಿಮ್ಮ ಗೈಡ್‌ನಲ್ಲಿ ಏನಿದೆಯೋ ಅಷ್ಟನ್ನೇ ಪ್ಯಾಚ್ (ತಿದ್ದುಪಡಿ ಫೈಲ್) ಮಾಡಿ, ಡೆಬಿಯನ್‌ಗೆ ದೋಷ ವರದಿ ಕಳಿಸುವ ರಿಪೋರ್ಟ್‌ಬಗ್‌ನಲ್ಲಿ ಈ ವಾರವೇ ಕಳಿಸಿ.