ಸೀಟು ಬಿಡುವ ಮುನ್ನ ಕ್ರೆಡಿಟ್ ಕೇಳಿ

ಮಗ ಮುಂಬಯಿ ವಿಶ್ವವಿದ್ಯಾಲಯದ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ಮೊದಲ ವರ್ಷ ಮುಗಿಸುತ್ತಿದ್ದಾನೆ. ನನಗೆ ಪುಣೆಗೆ ವರ್ಗವಾಗಿದೆ. ಅಲ್ಲಿನ ಒಳ್ಳೆಯ ಸ್ವಾಯತ್ತ ಕಾಲೇಜಿಗೆ ಅವನನ್ನು ಈಗಲೇ ಸೇರಿಸಬೇಕೇ, ಇನ್ನೊಂದು ವರ್ಷ ಕಾಯಬಹುದೇ? — ಓದುಗರೊಬ್ಬರು, ಡೊಂಬಿವಲಿ

ಕಾಯಬೇಡಿ. ಪಾಸಾದ ಪ್ರತಿ ಪತ್ರಿಕೆಗೂ ಇಂತಿಷ್ಟು ಕ್ರೆಡಿಟ್ ಸಿಗುತ್ತದೆ. ಅವನ್ನು ವಿದ್ಯಾರ್ಥಿಯ ಖಾತೆಯಲ್ಲಿ ಕೂಡಿಡುವ ವ್ಯವಸ್ಥೆಯೇ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ಅದರ ನಿಯಮದಂತೆ, ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ಮೂರು ವರ್ಷದ ಪದವಿಗೆ 132 ಕ್ರೆಡಿಟ್, ಸೆಮಿಸ್ಟರಿಗೆ 22 ಎಂದಿಟ್ಟುಕೊಳ್ಳಿ. ಈಗ ಹೋದರೆ ಪುಣೆಯಲ್ಲಿ ಗಳಿಸಲು 88 ಉಳಿದಿರುತ್ತದೆ. ಒಂದು ವರ್ಷ ಬಿಟ್ಟು ಹೋದರೆ ಉಳಿಯುವುದು 44, ಬೇಕಾದದ್ದು 66. ನಾಲ್ಕು ವರ್ಷದ ಆನರ್ಸ್ ಓದುವುದಾದರೆ ಮಾತ್ರ ಎರಡು ವರ್ಷದ ನಂತರವೂ 176ರಲ್ಲಿ ಸರಿಯಾಗಿ 88 ಉಳಿಯುತ್ತದೆ. ಆಗ ಒಂದು ಪತ್ರಿಕೆ ಹೆಚ್ಚುಕಡಿಮೆಯಾದರೂ ಕಷ್ಟ.

ಸೀಟು ಖಾಲಿ ಇದ್ದರಷ್ಟೇ ಪ್ರವೇಶ. ಸೀಟು ಸಿಕ್ಕಿದ ಕೂಡಲೇ ಎಲ್ಲ ಕ್ರೆಡಿಟ್ಟೂ ಸಿಕ್ಕಿತೆಂದು ತಿಳಿಯಬೇಡಿ, ಹೆಚ್ಚಿನವರು ಎಡವುವುದು ಇಲ್ಲೇ. ಮುಂಬಯಿಯಲ್ಲಿ ನಿಮ್ಮ ಮಗನ ಮೈನರ್ (ಮುಖ್ಯ ವಿಷಯದ ಜೊತೆಗಿನ ಉಪವಿಷಯ) ಸ್ಟ್ಯಾಟಿಸ್ಟಿಕ್ಸ್ ಆಗಿದ್ದು ಹೊಸ ಕಾಲೇಜಿನಲ್ಲಿ ಆ ಮೈನರ್ ಇಲ್ಲದಿದ್ದರೆ, ಮೊದಲ ವರ್ಷದ ಮೈನರ್ ಪತ್ರಿಕೆಗಳನ್ನು ಅಲ್ಲಿ ಮತ್ತೆ ಬರೆಯಬೇಕಾಗಬಹುದು. ಭಾಷಾ ಪತ್ರಿಕೆಗೆ ಕನ್ನಡ ತೆಗೆದುಕೊಂಡಿದ್ದರೆ ಅಲ್ಲಿ ಕನ್ನಡ ಇದೆಯೇ ಎಂದು ಮೊದಲೇ ವಿಚಾರಿಸಿ. ಎರಡೂ ಸೆಮಿಸ್ಟರಿನ ಪ್ರತಿ ಪತ್ರಿಕೆಯ ಸಿಲೆಬಸ್ ಮುದ್ರಿಸಿ, ಕಾಲೇಜಿನ ಸಹಿ ಮೊಹರು ಹಾಕಿಸಿ, ಹೊಸ ಕಾಲೇಜಿನ ವಿಭಾಗ ಮುಖ್ಯಸ್ಥರಿಗೆ ಕೊಡಿ. ಯಾವ ಪತ್ರಿಕೆ ಒಪ್ಪಿಗೆ, ಯಾವುದು ಬಾಕಿ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬಾಯಿಮಾತಿನ ‘ಆಗುತ್ತೆ ಬಿಡಿ’ ಪರೀಕ್ಷಾ ವಿಭಾಗದ ಮುಂದೆ ನಿಲ್ಲುವುದಿಲ್ಲ. ಎಟಿಕೆಟಿ, ಅಂದರೆ ಪಾಸಾಗದೆ ಬಾಕಿ ಉಳಿದ ಪತ್ರಿಕೆ, ಇದ್ದರೆ ಅದನ್ನು ಮುಗಿಸಿಯೇ ಹೊರಡುವುದು ಕ್ಷೇಮ.

ಮೈಗ್ರೇಶನ್ ಸರ್ಟಿಫಿಕೇಟನ್ನು ಕೊನೆಗೆ ತೆಗೆಸಿ. ಕಾಲೇಜು ಕೊಡುವ ಟಿಸಿ ಬೇರೆ, ವಿಶ್ವವಿದ್ಯಾಲಯ ಕೊಡುವ ಮೈಗ್ರೇಶನ್ ಬೇರೆ. ಅದನ್ನು ಕೈಗೆ ತೆಗೆದುಕೊಂಡರೆ ಹಳೆಯ ನೋಂದಣಿಯ ಬಾಗಿಲು ಮುಚ್ಚಿದಂತೆ.

ಹೊರನಾಡ ಕನ್ನಡಿಗರಿಗೆ ಹೆಚ್ಚಾಗಿ ಬರುವ ತೊಡಕು ಹೆಸರಿನದು. ಊರಲ್ಲಿ ಮಾಡಿಸಿದ ಆಧಾರ್‌ನಲ್ಲಿ ಹೆಸರು ಮತ್ತು ಇನಿಷಿಯಲ್ ಮಾತ್ರ. ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಉಪನಾಮ ಮೊದಲು, ಆಮೇಲೆ ಹೆಸರು, ತಂದೆಯ ಹೆಸರು, ತಾಯಿಯ ಹೆಸರು. ಎರಡೂ ತಾಳೆಯಾಗದಿದ್ದರೆ ಕ್ರೆಡಿಟ್ಟುಗಳು ಡಿಜಿಲಾಕರ್ ಖಾತೆಗೆ ಬಂದು ಕೂರುವುದೇ ಇಲ್ಲ. ಕ್ರೆಡಿಟ್ ಬ್ಯಾಂಕಿನ 12 ಅಂಕಿಯ ಐಡಿಯ ಖಾತೆ ತೆರೆದು ಎರಡು ಸೆಮಿಸ್ಟರೂ ಕಾಣುತ್ತಿವೆಯೇ ಎಂದು ಇವತ್ತೇ ನೋಡಿ. ಕಾಣದಿದ್ದರೆ ಹಳೆಯ ಕಾಲೇಜಿನಲ್ಲಿರುವಾಗಲೇ ಸರಿಪಡಿಸಿಕೊಳ್ಳಿ, ಬಿಟ್ಟ ಮೇಲೆ ಆ ಕಿಟಕಿಯಲ್ಲಿ ನಿಮ್ಮ ಮಾತು ಕೇಳುವವರು ಕಡಿಮೆ.

ಮಗಳು ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯವೊಂದರಲ್ಲಿ ಈಗಷ್ಟೇ ಮೊದಲ ವರ್ಷಕ್ಕೆ ಸೇರಿದ್ದಾಳೆ. ಮುಂದಿನ ವರ್ಷ ಅದಕ್ಕಿಂತ ದೊಡ್ಡ ಹೆಸರಿನದಕ್ಕೆ ಹೋಗಬೇಕೆನ್ನುತ್ತಾಳೆ. — ಓದುಗರೊಬ್ಬರು, ಪುಣೆ

ಹೆಸರೊಂದೇ ಕಾರಣವಾದರೆ ನಮ್ಮ ಸಲಹೆ ಬೇಡ ಎಂದೇ. ಹಾರ್ವರ್ಡ್ ಹೀಗೆ ತೆಗೆದುಕೊಳ್ಳುವುದು ವರ್ಷಕ್ಕೆ ಸರಾಸರಿ ಹನ್ನೆರಡು ಜನರನ್ನು. ಪ್ರಿನ್ಸ್‌ಟನ್ ದಶಕಗಳ ಕಾಲ ಇದನ್ನು ನಿಲ್ಲಿಸಿದ್ದು, ಮತ್ತೆ ಶುರು ಮಾಡಿದ್ದು 2018ರಲ್ಲಿ. ಅವಳಿಗೆ ಬೇಕಾದ ವಿಷಯ ಈಗಿರುವಲ್ಲಿ ಇಲ್ಲ ಎಂಬಂಥ ಗಟ್ಟಿ ಕಾರಣ ಅರ್ಜಿಯಲ್ಲಿ ಕಾಣಬೇಕು.

ಕಾರಣವಿದ್ದರೆ ಕೆಲಸ ಮೊದಲ ಸೆಮಿಸ್ಟರಿನಲ್ಲೇ ಶುರುವಾಗಲಿ. ಹಲವು ಕಡೆ ಕೊನೆಯ ದಿನ ಮಾರ್ಚ್ 1ರ ಆಸುಪಾಸು. ಶಿಫಾರಸು ಪತ್ರ ಈಗಿನ ಪ್ರಾಧ್ಯಾಪಕರದ್ದೇ ಬೇಕು. ಇನ್ನೂರು ಜನರ ತರಗತಿಯಲ್ಲಿ ಹಿಂದೆ ಕೂತವಳ ಹೆಸರು ಅವರಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಅಕ್ಟೋಬರ್‌ನಿಂದಲೇ ಆಫೀಸ್ ಅವರ್ಸ್‌ಗೆ (ಪ್ರಾಧ್ಯಾಪಕರು ವಿದ್ಯಾರ್ಥಿಗಳ ಭೇಟಿಗೆಂದು ಇಟ್ಟ ವೇಳೆ) ಹೋಗಿ ಮಾತಾಡಲಿ. ಅಲ್ಲಿಯೂ ದೊಡ್ಡ ಹೆಸರಿನ ಹಲವು ಕಡೆ ಪದವಿಯ ಅರ್ಧದಷ್ಟು ಕ್ರೆಡಿಟ್ ಹೊಸ ಕಡೆಯೇ ಗಳಿಸಬೇಕು.

ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಇನ್ನೊಂದು ಹಂತವಿದೆ. ಹಳೆಯ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯೇ ಅವಳ ಸೆವಿಸ್ ದಾಖಲೆಯನ್ನು (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರಕಾರ ಇಡುವ ದಾಖಲೆ) ಹೊಸ ಕಡೆಗೆ ಬಿಟ್ಟುಕೊಡಬೇಕು, ಆಮೇಲೆ ಹೊಸ ಐ-20 (ವೀಸಾಕ್ಕೆ ಆಧಾರವಾಗುವ, ವಿಶ್ವವಿದ್ಯಾಲಯ ಕೊಡುವ ಪತ್ರ) ಬರುತ್ತದೆ. ಹೀಗೆ ದಾಖಲೆ ಬಿಟ್ಟುಕೊಡುವ ದಿನಾಂಕ ದಾಟಿದರೆ ಹಳಬರ ಕೈಯಲ್ಲಿ ಏನೂ ಇರುವುದಿಲ್ಲ. ಹಾಗಾಗಿ ಪ್ರವೇಶ ಪತ್ರ, ಕ್ರೆಡಿಟ್ ಲೆಕ್ಕ, ಹಣದ ನೆರವು ಮೂರೂ ಕೈಗೆ ಬರುವವರೆಗೆ ಆ ದಿನಾಂಕ ನಿಗದಿ ಮಾಡಿಸಬೇಡಿ. ವಿದೇಶಿ ವರ್ಗಾವಣೆ ವಿದ್ಯಾರ್ಥಿಗಳಿಗೆ ಹಲವೆಡೆ ಹಣದ ನೆರವೇ ಇಲ್ಲ. ಶಿಕ್ಷಣ ಸಾಲವಿದ್ದರೆ ಬ್ಯಾಂಕಿಗೆ ಮೊದಲೇ ತಿಳಿಸಿ. ಮಂಜೂರಾದದ್ದು ಹಳೆಯ ಸಂಸ್ಥೆಯ ಹೆಸರಿಗೆ.

ಮಗಳು ಗೋವಾದಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ. ಒಳ್ಳೆಯ ಸಿಜಿಪಿಎ ಇದೆ. ಐಐಟಿ ಬಾಂಬೆಗೆ ನಡುವೆ ಸೇರಿಸಲು ಒಬ್ಬರು ಹಣ ಕೇಳುತ್ತಿದ್ದಾರೆ. — ಓದುಗರೊಬ್ಬರು, ವಾಸ್ಕೊ

ಒಂದು ರೂಪಾಯಿಯೂ ಕೊಡಬೇಡಿ. ಬೇರೆ ಕಾಲೇಜಿನಿಂದ ಐಐಟಿಯ ಬಿ.ಟೆಕ್ ಎರಡನೇ, ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುವ ಪದ್ಧತಿಯೇ ಇಲ್ಲ, ಮ್ಯಾನೇಜ್‌ಮೆಂಟ್ ಕೋಟಾ ಅಂತೂ ಇಲ್ಲವೇ ಇಲ್ಲ. ಅವಳು ಈಗಿರುವಲ್ಲೇ ಬಿ.ಇ. ಮುಗಿಸಿ ಗೇಟ್ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಐಐಟಿಯ ಎಂ.ಟೆಕ್‌ಗೆ ಹೋಗಬಹುದು. ಗೇಟ್‌ ಅನ್ನು ಮೂರನೇ ವರ್ಷದಲ್ಲೇ ಬರೆಯಬಹುದು, ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ.